ನೀರುಗಂಟಿ ಮನೆಯ ದನಿ

ಪಾಲಹಳ್ಳಿಯ ನಾಲೆಯಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದ ನೀರುಗಂಟಿ ಮಂಚಯ್ಯ ಅರವತ್ತೊಂದನೇ ಇಸವಿಯಲ್ಲಿ ತೀರಿಕೊಂಡ. ತಿಥಿಯ ಮಾರನೇ ಬೆಳಿಗ್ಗೆ ಊರಿನ ರೈತ ಲಿಂಗಣ್ಣ ಗದ್ದೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಬೆನ್ನ ಹಿಂದೆ ಸತ್ತ ಮಂಚಯ್ಯನೇ ಕೂಗಿದನಂತೆ: "ಲಿಂಗಣ್ಣೋರೆ, ನಿಮ್ ಸರದಿ ಮುಗೀತು. ತೂಬು ಮುಚ್ಚಿ."

ಕೂಗಿದವನು ಮಂಚಯ್ಯನ ಮಗ ಮರಿಸ್ವಾಮಿ. ಇಪ್ಪತ್ತರ ಪ್ರಾಯ. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತನ್ನದೆಂಬ ಮಾತೇ ಇರಲಿಲ್ಲ. ಕೇಳಿದ್ದನ್ನು ಹೇಳಿದವರ ದನಿಯಲ್ಲೇ ಒಪ್ಪಿಸುತ್ತಿದ್ದ. ಅಪ್ಪನ ಹಿಂದೆ ಬಯಲು ಸುತ್ತಿ ಊರವರ ಸರದಿಯೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ದೆವ್ವ ಮೆಟ್ಟಿಕೊಂಡಿದೆ, ಬೇವಿನ ಸೊಪ್ಪಲ್ಲಿ ಬಾರಿಸಿ ಬಿಡಿಸಿ ಎಂದವರಲ್ಲಿ ಪಕ್ಕದ ಮನೆಯ ನಾನೂ ಒಬ್ಬಳು. ಈಗ ನಾಚಿಕೆಯಾಗುತ್ತದೆ. ಅವನ ತಾಯಿ ದೊಡ್ಡತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನನ್ ಮ್ಯಾಲೆ ಬಾರ್ಸಿ. ಅವ್ನು ಕೆಲ್ಸ ಮಾಡ್ತಾವ್ನೆ. ನಾನ್ ಸತ್ಮೇಲೆ ಅವ್ನಿಗೆ ಇಟ್ಟು ಆಕೋದು ನೀವಾ, ಆ ಕೆಲ್ಸವಾ?"

ನೀರು ಕದಿಯುತ್ತಿದ್ದವರು ಆ ದನಿಗೆ ಹೆದರಿ ತೆಪ್ಪಗಾದರು. ನೀರುಗಂಟಿ ಕೆಲಸ ಅವನಿಗೇ ಉಳಿಯಿತು. ಆದರೆ ಮನೆಯಲ್ಲಿ ಹಸಿದರೂ ಮಡಕೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ. ದೊಡ್ಡತಾಯಮ್ಮ ಕೈ ಹಿಡಿದು ಒಲೆ ಹಚ್ಚುವುದು, ಹಿಟ್ಟು ತೊಳಸಿ ಮುದ್ದೆ ಕಟ್ಟುವುದು, ಹೀಗೆ ಒಂದೊಂದೇ ಕೆಲಸ ಮಾಡಿಸುತ್ತ, ದಿನವೂ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದಳು. ಹನ್ನೊಂದು ವರ್ಷ! ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ರೇಗಿಹೋಗುತ್ತಿತ್ತು.

"ಅವ್ನು ಕಲಿಯಾಕಿಲ್ಲ ಬುಡಕ್ಕ," ಎಂದೆ.

"ಅವ್ನು ಕಲೀದೆ ನಂಗೆ ಸಾಯಾಕೂ ಆಗಾಕಿಲ್ಲ ಕಣೆ ಅಣ್ಣಮ್ಮ," ಎಂದಳು.

ಎಪ್ಪತ್ತೆರಡನೇ ಇಸವಿಯಲ್ಲಿ ಅವಳೂ ಹೋದಳು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮಾರನೇ ಬೆಳಿಗ್ಗೆ, ಪಾಪ ಉಪವಾಸವಿರುತ್ತಾನೆ ಎಂದು ತಟ್ಟೆ ಹಿಡಿದು ಹೋದೆ. ಬಾಗಿಲು ಮುಚ್ಚಿತ್ತು. ಒಳಗೆ ದೊಡ್ಡತಾಯಮ್ಮ ಮಾತಾಡುತ್ತಿದ್ದಳು. ಅವಳ ಕೆಮ್ಮೂ ಅಲ್ಲಿತ್ತು.

"ಮೊಕ ತೊಳ್ಕೊ. ಒಲೆ ಅತ್ಸು. ಇಟ್ಟು ತೊಳ್ಸು. ಉಣ್ಣು. ಇನ್ನೊಂದ್ ಚೂರು ಉಣ್ಣು, ನನ್ನಪ್ಪ. ಒಲೆ ಆರ್ಸು."

 ತಟ್ಟೆಯನ್ನು ಜಗಲಿಯ ಮೇಲಿಟ್ಟು ಬಾಗಿಲಿಗೆ ಕಿವಿಗೊಟ್ಟೆ.

ಬಾಗಿಲು ತೆರೆಯಿತು. ಮರಿಸ್ವಾಮಿ ಮುಖ ತೊಳೆದಿದ್ದ, ಬಾಯಿಯ ಪಕ್ಕ ಮುದ್ದೆ ಅಂಟಿತ್ತು. ಬೀಗ ಹಾಕಿದ, ಎಳೆದು ನೋಡಿದ, ಗುದ್ದಲಿ ಹೆಗಲಿಗೇರಿಸಿದ.

"ಉಸಾರಾಗ್ ಓಗ್ಬುಟ್ ಬಾ ಮಗ," ಎಂದಳು ತಾಯಿ ಅವನ ಬಾಯಲ್ಲಿ.

"ಊಂ ಕಣವ್ವ."

ಇದು ಯಾರ ದನಿಯೆಂದು ಒಂದು ಗಳಿಗೆ ತಿಳಿಯಲಿಲ್ಲ. ಅವನು ಹುಟ್ಟಿದಾಗಿನಿಂದ ಗೋಡೆಯಾಚೆ ಇದ್ದವಳು ನಾನು. ಮರಿಸ್ವಾಮಿಯ ಸ್ವಂತ ದನಿಯನ್ನು ಅವತ್ತೇ ಮೊದಲು ಕೇಳಿದೆ.