ಅಪ್ಪನ ಎಡಭುಜದ ನೋವು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಮೂರು ಸಲ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂದು ಯಲಹಂಕದ ಪಕ್ಕದ ನಮ್ಮ ಹಳ್ಳಿಯಲ್ಲಿ ನಂಬಿಕೆ. ಸೊಂಟ ಹಿಡಿದುಕೊಂಡವರೆಲ್ಲ ನಮ್ಮ ಜಗುಲಿಗೆ ಬಂದು ಬೋರಲು ಮಲಗುತ್ತಿದ್ದರು. ಓದಲು ಕೂತವಳು ಎದ್ದು ಹೋಗಿ ಒದೆಯಬೇಕು. ನನಗಂತೂ ಸಾಕುಸಾಕಾಗಿತ್ತು.

ಐವತ್ತರ ದಶಕದ ಕೊನೆಯ ಮಾತು. ದ್ರಾಕ್ಷಿ ಬುಟ್ಟಿ ಹೇರಿದ್ದ ಎತ್ತಿನಗಾಡಿ ಇಳಿಜಾರಿನಲ್ಲಿ ಅಡ್ಡ ತಿರುಗಿ, ನೊಗ ಕಟ್ಟುವ ಅದರ ಮೂಕಿಮರ ಅಪ್ಪನ ಎಡಪಕ್ಕೆಗೆ ಬಡಿಯಿತು. ಎಡಪಕ್ಕೆಯೊಳಗೆ ಗುಲ್ಮ ಅಂತ ಒಂದು ಅಂಗವಿದೆ, ಅದಕ್ಕೆ ಪೆಟ್ಟಾಗಿದೆ, ಆಪರೇಷನ್ ಬೇಡ, ಅಲುಗಾಡದೆ ಮಲಗಿದ್ದರೆ ಕೂಡಿಕೊಳ್ಳಬಹುದು ಎಂದರು ಡಾಕ್ಟರು. ಅಪ್ಪನನ್ನು ಮಲಗಿಸುವುದೆಂದರೆ ಹೋರಿ ಕಟ್ಟಿಹಾಕಿದಷ್ಟೇ ಕಷ್ಟ. ಆದರೂ ಆಸ್ಪತ್ರೆಯಲ್ಲಿ ಮಲಗಿದರು. ಮನೆಗೆ ಕಳಿಸುವಾಗ ಡಾಕ್ಟರು ಅವ್ವನಿಗೆ, "ಹೊಟ್ಟೆ ನೋವು ಬಂದ್ರೆ ತಕ್ಷಣ ಕರ್ಕೊಂಡ್ ಬನ್ನಿ. ಎಷ್ಟೋ ದಿನ ಆದ್ಮೇಲೂ ಒಡೆದು ರಕ್ತ ಸೋರಬಹುದು" ಎಂದಿದ್ದರು. ಅವ್ವ ದಿನಾ ಕೇಳುತ್ತಿದ್ದಳು. ಅಪ್ಪ ದಿನಾ ಬಯ್ಯುತ್ತಿದ್ದರು.

ಕೆಲವು ವಾರ ಕಳೆದು, ಒಂದು ಬೆಳಿಗ್ಗೆ ಅಪ್ಪ ಎಡಭುಜ ಹಿಡಿದುಕೊಂಡು ಎದ್ದರು.

"ಒಟ್ಟೇಲಿ ಏನಾದ್ರೂ ಐತಾ?" ಅವ್ವ ಕೇಳಿದಳು.

"ಒಟ್ಟೆ ನೆಟ್ಟಗೈತೆ ಕಣೆ. ಭುಜ ಉಳುಕೈತೆ ಅಷ್ಟೆ. ಬಾರವ್ವ ಮಗಳೆ, ಒಸಿ ಕಾಲು ತಾಗ್ಸು."

ಹೊಟ್ಟೆಯಲ್ಲವಲ್ಲ ಎಂದು ಅವ್ವನಿಗೆ ಸಮಾಧಾನ. ಗುಲ್ಮ ಒಡೆದು ಒಳಗೆ ರಕ್ತ ಸೋರಿದರೆ ನೋವು ಭುಜದಲ್ಲೂ ಕಾಣಿಸುತ್ತದೆಂದು ನಮಗೇನು ಗೊತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನಮ್ಮ ವೈದ್ಯ.

ಕಾಲು ತಾಗಿಸಿದೆ. ಹೆತ್ತ ತಂದೆಗೆ ಕಾಲು ತಾಗಿಸಿದ ಮೇಲೆ ನಮಸ್ಕಾರ ಮಾಡಬೇಕಲ್ಲ, ಬಗ್ಗಿ ಅವರ ಪಾದ ಮುಟ್ಟಿದೆ. ಬೇಸಿಗೆಯ ಬೆಳಗಿನಲ್ಲಿ ಪಾದ ತಣ್ಣಗಿತ್ತು, ಬೆವರಿ ಒದ್ದೆಯಾಗಿತ್ತು. "ಅವ್ವ, ಅಪ್ಪನ ಕಾಲು ಮುಟ್ಟಿ ನೋಡು" ಎಂದೆ.

ಮುಟ್ಟಿದವಳೇ ಅವ್ವ ರಸ್ತೆಗೆ ಓಡಿ, ಮಾರ್ಕೆಟ್ಟಿಗೆ ಹೊರಟಿದ್ದ ಸೊಪ್ಪಿನ ಲಾರಿ ನಿಲ್ಲಿಸಿದಳು. ಹಿಂದೆ ಸೊಪ್ಪಿನ ಮೂಟೆಗಳ ನಡುವೆ ಅಪ್ಪನ ತಲೆ ಅವಳ ತೊಡೆಯ ಮೇಲೆ, ಪಾದ ನನ್ನ ಮಡಿಲಲ್ಲಿ. ಎಷ್ಟು ಉಜ್ಜಿದರೂ ಬಿಸಿಯಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಹೆಬ್ಬಾಳದ ಕೆರೆ ಏರಿ ದಾಟುವಾಗ ಅಪ್ಪ ಕಣ್ಣು ಬಿಟ್ಟು, "ಅಳಬ್ಯಾಡ ಕಣವ್ವ. ನೋವು ಓಯ್ತು" ಎಂದರು.

ಅದೇ ಅವರ ಕೊನೆಯ ಮಾತು ಎಂದು ನಮಗೆ ತಿಳಿಯಲಿಲ್ಲ. ಅವ್ವ ದೇವರಿಗೆ ಕೈಮುಗಿದಳು. ಅಪ್ಪ ಕಣ್ಣು ಮುಚ್ಚಿದ್ದನ್ನು ಕಂಡು ನಾನು ಕಣ್ಣೊರೆಸಿಕೊಂಡು, ಡ್ರೈವರಿಗೆ ಕೂಗಿ ಹೇಳಿದೆ: "ಒಸಿ ನಿಧಾನಕ್ಕೆ ಓಗಣ್ಣ, ನಮ್ಮಪ್ಪಂಗೆ ಈಗ ನಿದ್ದೆ ಹತ್ತೈತೆ."