ತಣ್ಣನೆಯ ಕೋಣೆಯ ಆರಾಧನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಮುರಿದ ಮಂಚಗಳನ್ನು ಒಟ್ಟಿರುವ ಓಣಿಯ ಕೊನೆಗೆ, ಶವಾಗಾರದ ಕಬ್ಬಿಣದ ಬಾಗಿಲು. ದೊಡ್ಡಮ್ಮ ಅದನ್ನು ಭುಜದಿಂದ ತಳ್ಳಿ ಒಳಗೆ ಹೋಗುತ್ತಾರೆ. ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹೊತ್ತಿಕೊಳ್ಳುತ್ತದೆ. ಕಲ್ಲಿನ ಮೇಜಿನ ಮೇಲೆ ರಾತ್ರಿ ಬಂದ ಮುದುಕನೊಬ್ಬ ಮಲಗಿದ್ದಾನೆ. ನಮ್ಮವನೆಂದು ಹೇಳಿಕೊಂಡು ಯಾರೂ ಬಂದಿಲ್ಲ. ದೊಡ್ಡಮ್ಮ ಚಪ್ಪಲಿ ಬಿಟ್ಟು, ರವಿಕೆಯ ತೋಳು ಮಡಚಿ, ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡುತ್ತಾರೆ. ಮೊದಲು ಹಣೆ, ಆಮೇಲೆ ಕಿವಿಯ ಹಿಂದೆ, ಆಮೇಲೆ ಉಗುರಿನ ಸಂದಿ. ಒರೆಸುತ್ತಲೇ ಮೆಲುದನಿಯಲ್ಲಿ ಸ್ತುತಿಗೀತೆಯೊಂದನ್ನು ಹಾಡುತ್ತಾರೆ. ಒಂದು ಚರಣ ಮುಗಿಸಿ ನಿಲ್ಲಿಸುತ್ತಾರೆ. ಕಿವಿಗೊಡುತ್ತಾರೆ. ಮತ್ತೆ ಮುಂದಿನ ಚರಣ.

ಆ ನಡುವಿನ ಮೌನವನ್ನು ತಡೆದುಕೊಳ್ಳುವುದು ಕಷ್ಟ. ಆಂಬುಲೆನ್ಸ್ ಚಾಲಕ ಹೊಸಿಲಾಚೆಯೇ ನಿಲ್ಲುತ್ತಾನೆ. ಎಂಟೆದೆಯ ಬಂಟ ಎಂದು ಹೆಸರಾದ ಕಾವಲುಗಾರ ಕುರ್ಚಿಯನ್ನು ಗೇಟಿನವರೆಗೂ ಎಳೆದುಕೊಂಡು ಹೋಗಿ ಕೂತಿದ್ದಾನೆ.

ಇಡೀ ಆಸ್ಪತ್ರೆಗೆ ಆಕೆ ದೊಡ್ಡಮ್ಮ. ಈ ಕೆಲಸ ಗಂಡನದ್ದಾಗಿತ್ತು. ಆತ ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ಇವರಿಗೆ ಬಂತು. ಮಡಿಲಲ್ಲಿ ಎರಡು ಸಣ್ಣ ಮಕ್ಕಳು. ಒಲ್ಲೆ ಎನ್ನುವ ಹಾಗಿರಲಿಲ್ಲ. ಮೊದಮೊದಲು ಅದೇ ಕೈಯಿಂದ ತುತ್ತು ಎತ್ತಲು ಆಗುತ್ತಿರಲಿಲ್ಲ. ಎಷ್ಟು ಉಜ್ಜಿ ಸ್ನಾನ ಮಾಡಿದರೂ ಕೂದಲಿಗೆ ಅಂಟಿದ ಔಷಧಿಯ ವಾಸನೆ ಹೋಗುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಅಕ್ಕಪಕ್ಕದವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಸುಮ್ಮನೆ ಸರಿದು ಕೂತರು. ದೊಡ್ಡಮ್ಮ ಹಿಂದಿನ ಬೆಂಚಿಗೆ ಹೋದರು, ಅಲ್ಲಿಂದ ಬಾಗಿಲ ಬಳಿಗೆ, ಅಲ್ಲಿಂದ ಹೊರಗಿನ ಮೆಟ್ಟಿಲಿಗೆ. ಕೊನೆಗೆ ಮನೆಯಲ್ಲೇ ಉಳಿದರು.

"ಚರ್ಚು ಬಿಟ್ಟ ಮೇಲೇನೇ ಇಲ್ಲಿ ಹಾಡೋಕೆ ಶುರು ಮಾಡಿದ್ದು," ಎನ್ನುತ್ತಾರೆ. "ಸುಳ್ಳು ಯಾಕೆ ಹೇಳ್ಲಿ, ಅದು ಭಕ್ತಿ ಅಲ್ಲ, ಹೆದರಿಕೆ. ಕತ್ತಲಲ್ಲಿ ಹೋಗೋರು ಶಿಳ್ಳೆ ಹಾಕ್ಕೊಂಡು ಹೋಗಲ್ವಾ, ಹಾಗೆ."

ಹಾಗೇ ವರ್ಷಗಳು ಉರುಳಿದವು. ಒಂದು ಚಳಿಗಾಲದ ಬೆಳಗಿನ ಜಾವ, ಕೆರೆಯ ದಂಡೆಯಲ್ಲಿ ಸಿಕ್ಕಿದ ಅಜ್ಜಿಯೊಬ್ಬಳನ್ನು ತಂದು ಮಲಗಿಸಿದರು. ಮೈ ಕಲ್ಲಿನಂತೆ ತಣ್ಣಗಿತ್ತು, ನಾಡಿ ಸಿಕ್ಕಿರಲಿಲ್ಲ. ದೊಡ್ಡಮ್ಮ ಆಕೆಯ ಅಂಗೈ ಒರೆಸುತ್ತಾ ಒಂದು ಚರಣ ಹಾಡಿ ಉಸಿರಿಗಾಗಿ ನಿಲ್ಲಿಸಿದರು. ಎಲ್ಲಿಂದಲೋ ಉದ್ದನೆಯ ನಿಟ್ಟುಸಿರು ಕೇಳಿತು. ಸತ್ತ ದೇಹದಿಂದಲೂ ಕೆಲವೊಮ್ಮೆ ಗಾಳಿ ಹೊರಡುವುದುಂಟು ಎಂದು ಗಂಡ ಹೇಳಿದ್ದು ನೆನಪಾಗಿ ಇನ್ನೊಂದು ಚರಣ ಹಾಡಿದರು. ನಿಲ್ಲಿಸಿದ ಕೂಡಲೇ ಮತ್ತೆ ಅದೇ ಉಸಿರು. ಈ ಸಲ ತಣ್ಣನೆಯ ಬೆರಳುಗಳು ಅವರ ಕೈಯಲ್ಲಿದ್ದ ಬಟ್ಟೆಯನ್ನು ಹಿಡಿದುಕೊಂಡವು.

ಬಾಗಿಲು ತಳ್ಳಿ ಓಡಿದ್ದೊಂದೇ ಅವರಿಗೆ ನೆನಪು. ವೈದ್ಯರೂ ಓಡುತ್ತಲೇ ಬಂದರು. ವಿಪರೀತ ಚಳಿಗೆ ಸಿಕ್ಕ ಜೀವ ಒಮ್ಮೊಮ್ಮೆ ಹೀಗೆ ಅಡಗಿ ಕೂರುತ್ತದೆ ಎಂದು ಅವರು ಆಮೇಲೆ ವಿವರಿಸಿದರಂತೆ. ಅಜ್ಜಿ ಬದುಕಿದಳು.

ಮಾತಾಡುವಷ್ಟು ಚೇತರಿಸಿಕೊಂಡಾಗ ದೊಡ್ಡಮ್ಮ ವಾರ್ಡಿಗೆ ಹೋದರು. ಅಜ್ಜಿ ದನಿಯಿಂದಲೇ ಗುರುತು ಹಿಡಿದು ಕೈ ಹಿಡಿದುಕೊಂಡಳು.

"ಎಲ್ಲಾ ಕೇಳ್ತಿತ್ತು ಕಣಮ್ಮ ನಂಗೆ. ಎಷ್ಟು ಚೆನ್ನಾಗಿ ಹಾಡ್ತೀರಿ ನೀವೆಲ್ಲಾ."

"ನಾನೊಬ್ಬಳೇ ಇದ್ದಿದ್ದು ಅಜ್ಜಿ."

"ಒಬ್ಬಳೇನಾ? ನನ್ನ ಎಡಗಡೆ ಒಬ್ಬ ಗಂಡಸು ಹಾಡ್ತಿದ್ದ, ಗಡಸು ದನಿ. ಅವನ ಆಚೆ ಇನ್ನೂ ಯಾರ್ಯಾರೋ. ನೀನು ನಿಲ್ಲಿಸಿದ್ರೂ ಅವರು ನಿಲ್ಲಿಸ್ತಿರಲಿಲ್ಲ."

ಅವತ್ತು ಎಡಗಡೆಯ ಮೇಜಿನ ಮೇಲೆ ಇದ್ದದ್ದು ಗೋಡೆ ಕುಸಿದು ಸತ್ತ ಗಾರೆ ಕೆಲಸದವನು. ಆಚೆಗೆ ಹೆಣ ಇಡುವ ಶೈತ್ಯಪೆಟ್ಟಿಗೆಗಳು, ಒಂದೂ ಖಾಲಿ ಇರಲಿಲ್ಲ.

ದೊಡ್ಡಮ್ಮ ರಜೆ ಹಾಕಿ ಹೊದ್ದು ಮಲಗಿದರು. ಕೆಲಸಕ್ಕೆ ಮರಳಿದ ಮೇಲೂ ತುಟಿ ಬಿಚ್ಚಲಿಲ್ಲ. ಆದರೆ ಹಾಡಿಲ್ಲದ ಆ ಕೋಣೆ ಮೊದಲಿಗಿಂತ ಭಾರವಾಯಿತು. ಬೆನ್ನ ಹಿಂದೆ ಯಾರೋ ಶುರು ಮಾಡಲೆಂದು ಕಾಯುತ್ತಿರುವಂತೆ, ಉಸಿರು ಬಿಗಿಹಿಡಿದಂತೆ. ತಾಳಲಾರದೆ ಚರ್ಚಿನ ಅಯ್ಯನವರ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡರು. ಅವರು, ಅಜ್ಜಿಯ ಕಿವಿಗೆ ಬಿದ್ದದ್ದು ಏನೋ ತನಗೂ ತಿಳಿಯದು ಎಂದರು. ಆಮೇಲೆ ಒಂದೇ ಮಾತು ಕೇಳಿದರು: "ನೀವು ಯಾರಿಗೆ ಅಂತ ಹಾಡ್ತಿದ್ರಿ ಅಮ್ಮಾ?"

ಅಷ್ಟು ವರ್ಷ ತನ್ನ ಧೈರ್ಯಕ್ಕೆ ತಾನು ಹಾಡಿಕೊಂಡದ್ದು, ಕರ್ತನಿಗೆ ಅಂತ ಒಂದು ಸೊಲ್ಲೂ ಎತ್ತಿರಲಿಲ್ಲ ಎಂಬುದು ಮನೆಗೆ ಮರಳುವ ದಾರಿಯುದ್ದಕ್ಕೂ ದೊಡ್ಡಮ್ಮನನ್ನು ಕೊರೆಯಿತು. ಮರುದಿನ ಮೊದಲ ಸಲ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ದನಿ ಎತ್ತಿ ಹಾಡಿದರು.

"ಅವತ್ತೇ ನಾನು ಮೊದಲ್ನೇ ಸಲ ಆರಾಧನೆ ಮಾಡಿದ್ದು," ಎನ್ನುತ್ತಾರೆ. "ಜೊತೇಲಿ ಹಾಡೋರು ಯಾರಾದ್ರೂ ಆಗ್ಲಿ. ಕೇಳೋನು ಒಬ್ಬನೇ ತಾನೆ?"

ಈಗ ಭಾನುವಾರ ತಪ್ಪಿಸುವುದಿಲ್ಲ. ಜನ ಇವತ್ತಿಗೂ ಸರಿದೇ ಕೂರುತ್ತಾರೆ. ತೆರವಾದ ಜಾಗದಲ್ಲಿ ಕೆರೆದಂಡೆಯ ಅಜ್ಜಿ ಬಂದು ಕೂರುತ್ತಾಳೆ. ಹಿಂದೆಮುಂದೆ ಯಾರೂ ಇಲ್ಲದ ಜೀವ, ದೊಡ್ಡಮ್ಮನ ಮನೆಯಲ್ಲೇ ಇದೆ. "ಆಯಮ್ಮನಿಗೆ ವಾಸನೆ ಗೊತ್ತಾಗಲ್ಲ, ಆಯಮ್ಮ ರಾಗ ತಪ್ಪಿ ಹಾಡಿದ್ರೆ ನಂಗೆ ಗೊತ್ತಾಗಲ್ಲ. ಇಬ್ಬರಿಗೂ ಸರಿಹೋಯ್ತು," ಎಂದು ನಗುತ್ತಾರೆ.

ದಿನಕ್ಕೆ ಮೂರೋ ನಾಲ್ಕೋ ದೇಹ, ಅಪಘಾತಗಳಾದರೆ ಲೆಕ್ಕವಿಲ್ಲ. ಮಂಡಿ ಸವೆದಿದೆ, ಬೆರಳುಗಳು ಸದಾ ನೀರಲ್ಲಿ ನೆನೆದು ಬಿರುಕು ಬಿಟ್ಟಿವೆ. ಮಗ ಕೆಲಸ ಬಿಡಿ ಎನ್ನುತ್ತಾನೆ. ಇವರು ನಿವೃತ್ತಿಯವರೆಗೂ ಬಿಡುವುದಿಲ್ಲವಂತೆ. ಅದಕ್ಕೆ ಮೊದಲು ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮುದುಕನ ಪಾದ ಒರೆಸುತ್ತಲೇ ಯೋಚಿಸುತ್ತಾರೆ.

"ಒಂದು ಬಿಸಿನೀರಿನ ನಲ್ಲಿ ಹಾಕಿಸಿಕೊಟ್ರೆ ಸಾಕು. ಹಾಡೋಕೆ ಬಂದೋರಿಗೆ ತಣ್ಣೀರು ಹೇಗೆ ಹಾಕೋದು?"