ಸೆರಗಿನಡಿಯ ಪಾಸ್‌ವರ್ಡ್

ಕಂಪ್ಯೂಟರ್ ಪಾಸ್‌ವರ್ಡ್ ಕೇಳಿದಾಗ ರುಕ್ಮಿಣಿಬಾಯಿಯವರು ಸೀರೆಯ ಸೆರಗನ್ನು ಕೀಬೋರ್ಡಿನ ಮೇಲೆ ಹೊದಿಸಿ, ಅದರಡಿ ಕೈ ತೂರಿಸಿ ಟೈಪು ಮಾಡುತ್ತಿದ್ದರು. ಬಟ್ಟೆಯ ಕೆಳಗೆ ಬೆರಳುಗಳು ಬೆಕ್ಕಿನ ಮರಿಗಳಂತೆ ಓಡಾಡುತ್ತಿದ್ದವು. ಅಷ್ಟು ಹೊತ್ತೂ ಕೋಣೆಯಲ್ಲಿದ್ದವರು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕು. ಯಾರಾದರೂ ಕತ್ತು ತಿರುಗಿಸಿದರೆ, "ಬಚ್ಚಲುಮನೆ ಬಾಗಿಲ ಸಂದೀಲೂ ಹೀಗೇ ನೋಡ್ತೀರೇನ್ರೀ?" ಎಂದು ಗದರುತ್ತಿದ್ದರು.

ತೊಂಬತ್ತರ ದಶಕದ ಆರಂಭ. ಫೋರ್ಟಿನ ನಮ್ಮ ಔಷಧ ಕಂಪನಿಯಲ್ಲಿದ್ದುದು ಅದೊಂದೇ ಕಂಪ್ಯೂಟರ್. ಅದರ ಕೋಣೆಗೆ ಮಾತ್ರ ಎ.ಸಿ.; ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಅದನ್ನು ನಡೆಸುತ್ತಿದ್ದ ರುಕ್ಮಿಣಿಬಾಯಿ ಮೈಸೂರಿನವರು, ಮನೆ ಸಯನ್‌ನಲ್ಲಿ. ನಾನು ವಿಜಾಪುರದ ಕಡೆಯವನು, ಮ್ಯಾಟ್ರಿಕ್ ಮುಗಿಸಿ ಟಪಾಲು ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಡಬ್ಬಿ ಬಿಚ್ಚಿದರೆ ಅವರ ಕೋಸಂಬರಿ ನನಗೆ, ನನ್ನ ಶೇಂಗಾ ಚಟ್ನಿ ಅವರಿಗೆ. ನನಗೆ ಕಂಪ್ಯೂಟರ್ ಕಲಿಸಿದವರೂ ಅವರೇ. "ಅದೇನು ಕಚ್ಚಲ್ಲ ಬಸಪ್ಪನವರೇ, ಕೈ ಇಡಿ" ಎನ್ನುತ್ತಿದ್ದರು.

ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಪಾಸ್‌ವರ್ಡ್ ಮೂರು ಸಲ ತಪ್ಪಿದರೆ ಯಂತ್ರ ಕಲ್ಲಿನಂತೆ ಕೂತುಬಿಡುತ್ತಿತ್ತು.

ಅವರ ಗಂಡನಿಗೆ ಮೂತ್ರಪಿಂಡದ ಕಾಯಿಲೆ. ಬೆಳಿಗ್ಗೆ ಆಸ್ಪತ್ರೆಗೆ ಬಿಟ್ಟು ಬರುವಷ್ಟರಲ್ಲಿ ತಡವಾಗುತ್ತಿತ್ತು. ಒಂದು ದಿನ ನನ್ನನ್ನು ಕರೆದರು.

"ನಾನು ಬರೋದರೊಳಗೆ ನೀವು ಕಂಪ್ಯೂಟರ್ ತೆರೆದಿಡಿ. ಸಾಹೇಬರು ನೋಡಿದರೆ, ಬಂದಿದಾಳೆ, ಇಲ್ಲೇ ಎಲ್ಲೋ ಹೋಗಿದಾಳೆ ಅಂದ್ಕೊಳ್ಳಲಿ. ನಿಮಗೆ ಹೇಳಿದ್ದು ಗೊತ್ತಾದರೆ ನನ್ನ ಕೆಲಸ ಉಳಿಯಲ್ಲ."

"ಪಾಸ್‌ವರ್ಡ್ ಏನ್ರಿ ಬಾಯಾರ?"

"ಕೋಸಂಬರಿ. ಇಂಗ್ಲಿಷ್ ಅಕ್ಷರದಲ್ಲಿ. ಇಲ್ಲಿ ಯಾರಿಗೆ ಹೊಳೆಯುತ್ತೆ ಹೇಳಿ. ಬರೆದಿಡಬೇಡಿ, ಬಾಯಿಪಾಠ ಮಾಡಿ."

ಬೊರಿವಲಿಯಿಂದ ನಾನು ಬರುತ್ತಿದ್ದ ಲೋಕಲ್ ರೈಲಿನಲ್ಲಿ ನಮ್ಮದೊಂದು ಭಜನಾ ಮಂಡಳಿ ಇತ್ತು. ನಮ್ಮದೇ ಕಂಪನಿಯ ಮಾರಾಟ ವಿಭಾಗದ ಸಾವಂತ್ ತಾಳ ಹಾಕುತ್ತಿದ್ದ. ಇಂಗ್ಲಿಷ್ ಅಕ್ಷರ ತಪ್ಪೀತೆಂಬ ಭಯಕ್ಕೆ ನಾನು ಅದೇ ತಾಳಕ್ಕೆ ಗುನುಗುತ್ತ ಕೂತೆ: ಕೆ ಓ ಎಸ್ ಎ, ಎಂ ಬಿ ಎ ಆರ್ ಐ. ಸಾವಂತ್ ಬಗ್ಗಿ ಕೇಳಿದ.

"ಕಾಯ್ ರೇ ಬಸಪ್ಪಾ, ಹಾ ಕುಠಲಾ ಅಭಂಗ?"

ಇದು ಯಾವ ಅಭಂಗವೋ ಎಂದರೆ, "ಕಂಪ್ಯೂಟರ್ ದೇವಾಚಾ" ಎಂದೆ. ಕಂಪ್ಯೂಟರ್ ದೇವರದು! ಪಕ್ಕದವರೂ ನಕ್ಕರು. ದೊಡ್ಡ ಚಟಾಕಿ ಹಾರಿಸಿದೆನೆಂದು ನನಗೂ ಹಿಗ್ಗು.

ನಾಗಪುರ ಶಾಖೆಗೆ ಯಾರನ್ನು ಕಳಿಸಬೇಕೆಂಬ ಗುಟ್ಟು ಆಗ ಆ ಕಂಪ್ಯೂಟರಿನಲ್ಲಿತ್ತು. ಆದೇಶ ಹೊರಡುವ ಮೊದಲೇ ಸಾವಂತ್ ದೊಡ್ಡವರೊಬ್ಬರಿಂದ ಹೇಳಿಸಿ ತನ್ನ ಹೆಸರು ತೆಗೆಸಿಕೊಂಡ. ಮರುದಿನ ಲೋಕಲ್‌ನಲ್ಲಿ ನನ್ನ ಕಿವಿಯಲ್ಲಿ ಉಸುರಿದ: "ತುಝ್ಯಾ ದೇವಾನೇ ವಾಚವಲಂ." ನಿನ್ನ ದೇವರು ಉಳಿಸಿದ. ನಾವು ಊಟಕ್ಕೆ ಕೂತಾಗ ಅವನು ಆ ಕೋಣೆಗೆ ಹೋಗಿದ್ದ. ಅಂದು ನಾನು ಭಜನೆ ಬಿಟ್ಟು ಬಾಗಿಲ ಬಳಿ ಹೋಗಿ ನಿಂತೆ.

ಗುಟ್ಟು ಸೋರಿದ್ದು ತಿಳಿದು ಮ್ಯಾನೇಜರ್ ರುಕ್ಮಿಣಿಬಾಯಿಯವರನ್ನು ಕ್ಯಾಬಿನ್ನಿಗೆ ಕರೆಸಿದಾಗ ನಾನು ಟಪಾಲು ಹಿಡಿದು ಅಲ್ಲೇ ನಿಂತಿದ್ದೆ.

"ಔರ್ ಕಿಸಕೋ ಮಾಲೂಮ್ ಥಾ?"

ಪಾಸ್‌ವರ್ಡ್ ಇನ್ನು ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ರುಕ್ಮಿಣಿಬಾಯಿ ನನ್ನ ಕಡೆ ನೋಡದೆ, ಯಾರಿಗೂ ಇಲ್ಲವೆಂದರು.

"ಕಿಸೀಕೋ ನಹೀ, ಸರ್."

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನೌಕರಿ ಹೋದರೆ ಮ್ಯಾಟ್ರಿಕ್ ಓದಿದವನಿಗೆ ಈ ಊರಲ್ಲಿ ಮತ್ತೆಲ್ಲಿ ಜಾಗ ಎಂದು ಹೆದರಿ, ಟಪಾಲು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಸಾವಂತನ ಬದಲು ನಾಗಪುರಕ್ಕೆ ಅವರನ್ನೇ ವರ್ಗ ಮಾಡಿದರು. ಗಂಡನನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗುವುದುಂಟೇ? ರಾಜೀನಾಮೆ ಕೊಟ್ಟರು.

ಕಂಪ್ಯೂಟರ್ ಕಲಿತವನೆಂದು ಅವರ ಕೆಲಸ ನನಗೇ ಬಂತು; ಕೊನೆಯ ದಿನ ನನ್ನಿಂದ ಹೊಸ ಪಾಸ್‌ವರ್ಡ್ ಹಾಕಿಸಲು ಮ್ಯಾನೇಜರ್ ಅವರಿಗೇ ಹೇಳಿದ್ದರು. ಎಲ್ಲವನ್ನೂ ಎಂದಿನಂತೆ ತಾಳ್ಮೆಯಿಂದ ತೋರಿಸಿಕೊಟ್ಟರು. ಯಂತ್ರ ಹೊಸ ಪದ ಕೇಳಿದಾಗ ಎದ್ದು ಕಿಟಕಿಯ ಕಡೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು.

"ಬಾಯಾರ, ಒಂದು ಮಾತು ಹೇಳೋದೈತ್ರಿ."

"ಟೈಪ್ ಮಾಡಿ ಬಸಪ್ಪನವರೇ. ನಾನು ನೋಡಲ್ಲ."

ಹೇಳಲಿಲ್ಲ. ಮತ್ತೆ ಅವರನ್ನು ನಾನು ಕಾಣಲೂ ಇಲ್ಲ. ಹೊಸ ಪದವನ್ನು ಎರಡು ಸಲ ಒಂದೇ ರೀತಿ ಹೊಡೆಯಬೇಕಿತ್ತು. ಎರಡೂ ಹೊಂದದೆ ಮತ್ತೆ ಮತ್ತೆ ತಪ್ಪಿತು. ಪ್ರತಿ ತಪ್ಪಿಗೂ ಯಂತ್ರ ಕುಂಯ್ ಎನ್ನುತ್ತಿತ್ತು. ಅದು ಸರಿಹೋಗುವವರೆಗೂ ರುಕ್ಮಿಣಿಬಾಯಿಯವರು ಸೆರಗು ಹೊದ್ದು ಕಿಟಕಿಯಾಚೆ ನೋಡುತ್ತ ನಿಂತಿದ್ದರು, ಒಮ್ಮೆಯೂ ತಿರುಗಲಿಲ್ಲ.